ರಗ್ಗಾ ಜಂಗಲ್ ರೆಕಾರ್ಡು ಕೊಳ್ಳುವಾಗ ಲೇಬಲ್ ಅಲ್ಲ, ಅದರ ಸುತ್ತಲಿನ ಖಾಲಿ ಪಟ್ಟಿ ಓದಿ

1993ರಿಂದ 1995ರೊಳಗೆ ಲಂಡನ್ನಿನಲ್ಲಿ ಹೊರಬಂದ ರಗ್ಗಾ ಜಂಗಲ್ ರೆಕಾರ್ಡುಗಳನ್ನು ಹುಡುಕುವವರಲ್ಲಿ ಎರಡು ಕೆಟ್ಟ ಅಭ್ಯಾಸ ಬೇರೂರಿವೆ. ರೇಟು ಜಾಸ್ತಿಯಿದ್ದರೆ ಅಪರೂಪದ್ದೇ ಇರಬೇಕು ಅಂತ ನಂಬುವುದು ಒಂದು. ಸಿಕ್ಕಿದ್ದನ್ನು ಕವರಿನಿಂದ ಹೊರಗೆ ತೆಗೆಯದೆ ಬೀರುವಿನಲ್ಲಿಟ್ಟು ಬೀಗ ಹಾಕುವುದು ಇನ್ನೊಂದು. ಮೊದಲನೆಯದರಿಂದ ದುಡ್ಡು ಹೋಗುತ್ತದೆ, ಅಷ್ಟೇ. ಎರಡನೆಯದರಿಂದ ಹಾಡೇ ಹೋಗುತ್ತದೆ. ಯಾಕೆ ಅನ್ನುವುದಕ್ಕೇ ಈ ಬರಹ.

ಗೊತ್ತಿಲ್ಲದವರಿಗೆ ಎರಡು ಮಾತು. ಜಮೈಕಾದ ಡಾನ್ಸ್‌ಹಾಲ್ (ರೆಗ್ಗೆಯಿಂದ ಬೆಳೆದ ಕುಣಿತದ ಸಂಗೀತ) ಗಾಯಕರ ದನಿ, ಕೆಳಗೆ ಎದೆಗೂಡು ನಡುಗಿಸುವ ಬಾಸ್, ಮೇಲೆ ನಿಮಿಷಕ್ಕೆ 160 ಬೀಟಿನ ಆಸುಪಾಸಿನ ವೇಗದಲ್ಲಿ ಕತ್ತರಿಸಿ ಜೋಡಿಸಿದ ಡ್ರಮ್ಮು, ಇದು ರಗ್ಗಾ ಜಂಗಲ್. ಆ ಡ್ರಮ್ಮಿನ ಬಹುಪಾಲು ಒಂದೇ ಕಡೆಯಿಂದ ಬಂದದ್ದು: ವಿನ್‌ಸ್ಟನ್ಸ್ ತಂಡ 1969ರಲ್ಲಿ ತಂದ ‘ಅಮೆನ್, ಬ್ರದರ್’ ಹಾಡಿನ ನಡುವೆ ಗ್ರೆಗರಿ ಕೋಲ್‌ಮನ್ ಒಬ್ಬರೇ ಬಾರಿಸಿದ ನಾಲ್ಕು ಬಾರ್, ಅಂದರೆ ತಾಳದ ನಾಲ್ಕು ಸುತ್ತು. ಏಳು ಸೆಕೆಂಡೂ ದಾಟದ ಆ ತುಣುಕನ್ನು ಅಕೈ ಎಸ್950ಯಂಥ ಸ್ಯಾಂಪ್ಲರಿಗೆ (ಸದ್ದಿನ ತುಣುಕು ಹಿಡಿದಿಟ್ಟು ನುಡಿಸುವ ಯಂತ್ರ) ತುಂಬಿ, ಚೂರು ಚೂರು ಮಾಡಿ, ಅಟಾರಿ ಕಂಪ್ಯೂಟರಿನಲ್ಲಿ ಹೊಸ ಕ್ರಮದಲ್ಲಿ ಕೂರಿಸುತ್ತಿದ್ದರು. ಎಸ್950 ಕೇವಲ 12 ಬಿಟ್ಟಿನ ಯಂತ್ರ, ಮೆಮೊರಿ 750 ಕಿಲೋಬೈಟು, ಏರಿಸಿದರೂ 2.25 ಮೆಗಾಬೈಟು. ಆ ಹಾಡುಗಳಲ್ಲಿ ದನಿ ಎಳೆದಾಗ ಕೇಳುವ ತಗಡಿನಂಥ ಕಂಪನ ಆ ಯಂತ್ರಗಳದ್ದು. ಅದನ್ನು ರೆಕಾರ್ಡಿನ ದೋಷ ಅಂದುಕೊಂಡು ವಾಪಸ್ ಕಳಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಈಗ ಅಪರೂಪದ ವಿಷಯ. ಎಂ-ಬೀಟ್ ಮತ್ತು ಜನರಲ್ ಲೆವಿಯ ‘ಇನ್‌ಕ್ರೆಡಿಬಲ್’ 1994ರಲ್ಲಿ ಬ್ರಿಟನ್ನಿನ ಟಾಪ್ 10ರೊಳಗೆ ಬಂತು. ಅದಕ್ಕೂ ಮೊದಲು, 1992ರಲ್ಲಿ, ಎಸ್ಎಲ್2 ತಂಡದ ‘ಆನ್ ಎ ರಗ್ಗಾ ಟಿಪ್’ 2ನೇ ಸ್ಥಾನಕ್ಕೇ ಏರಿತ್ತು. ಇವು ಬೇಕಾದಷ್ಟು ಅಚ್ಚಾಗಿವೆ, ಇಂದಿಗೂ ಸಿಗುತ್ತವೆ. ಹೆಸರು ದೊಡ್ಡದು ಅಂತ ಅವಕ್ಕೆ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ನಿಜಕ್ಕೂ ಅಪರೂಪದವು ಬೇರೆ. ಒಬ್ಬರೋ ಇಬ್ಬರೋ ಸೇರಿ ಕೈಕಾಸಿನಲ್ಲಿ ಕೆಲವೇ ನೂರು ಪ್ರತಿ ಹಾಕಿಸಿ, ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಸೋಹೋದ ಬ್ಲ್ಯಾಕ್‌ಮಾರ್ಕೆಟ್, ಹಾಲೋವೇ ರಸ್ತೆಯ ಲಕ್ಕಿ ಸ್ಪಿನ್‌ನಂಥ ಅಂಗಡಿಗಳಿಗೆ ತಾವೇ ಇಳಿಸಿ ಬಂದವು. ಹ್ಯಾಕ್ನಿಯ ಕೂಲ್ ಎಫ್ಎಂನಂಥ ಲೈಸೆನ್ಸ್ ಇಲ್ಲದ ರೇಡಿಯೋದಲ್ಲಿ ಎರಡು ವಾರ ಓಡಿ ಮರೆಯಾದವು. ಜಮೈಕಾದ ಗಾಯಕರ ದನಿಯನ್ನು ಬಹಳ ಸಲ ಅನುಮತಿ ಕೇಳದೆಯೇ ಬಳಸಿದ್ದರಿಂದ ಮರುಮುದ್ರಣಕ್ಕೆ ಹೆಚ್ಚಿನವರು ಕೈ ಹಾಕಲಿಲ್ಲ. 1996ರ ಹೊತ್ತಿಗೆ, ಜಂಗಲ್‌ನಿಂದಲೇ ಬೆಳೆದ ಡ್ರಮ್ ಅಂಡ್ ಬಾಸ್ ಶೈಲಿ ರಗ್ಗಾ ದನಿಯನ್ನು ಕೈಬಿಟ್ಟು ಬೇರೆ ದಾರಿ ಹಿಡಿಯಿತು. ಉಳಿದ ಪ್ರತಿಗಳು ಅಗ್ಗದ ಡಬ್ಬಕ್ಕೆ ಹೋದವು.

ಇವು ಬಹುಪಾಲು ವೈಟ್ ಲೇಬಲ್. ನಡುವಿನ ಕಾಗದ ಖಾಲಿ, ಹೆಚ್ಚೆಂದರೆ ರಬ್ಬರ್ ಸ್ಟಾಂಪು ಅಥವಾ ಮಾರ್ಕರಿನಲ್ಲಿ ಬರೆದ ಹೆಸರು. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಗಾದೆ ಇಲ್ಲಿ ಅಕ್ಷರಶಃ ಸರಿ. ಬಿಳಿ ಕಾಗದ ಯಾರು ಬೇಕಾದರೂ ಅಂಟಿಸಬಹುದು, ಸ್ಟಾಂಪು ಯಾರು ಬೇಕಾದರೂ ಮಾಡಿಸಬಹುದು. ಹಾಗಾಗಿ ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಉಳಿಯುವ ನುಣುಪಾದ ಕಪ್ಪು ಪಟ್ಟಿಯನ್ನು, ಅಂದರೆ ರನ್‌ಔಟ್ ಅನ್ನುವ ಭಾಗವನ್ನು ಓದುವುದು ಕಲಿಯಬೇಕು. ರೆಕಾರ್ಡನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಮೊಬೈಲಿನ ಟಾರ್ಚನ್ನು ಮೇಲಿನಿಂದ ಬಿಡದೆ ಬದಿಯಿಂದ ಓರೆಯಾಗಿ ಬಿಟ್ಟು ನಿಧಾನಕ್ಕೆ ತಿರುಗಿಸಿ. ಮೊದಲು ಏನೂ ಕಾಣುವುದಿಲ್ಲ. ಒಂದು ಕೋನದಲ್ಲಿ ಕೂದಲೆಳೆಯಂಥ ಗೀರುಗಳು ತಟ್ಟನೆ ಅಕ್ಷರವಾಗುತ್ತವೆ.

ಅಲ್ಲಿ ಮೂರು ಬಗೆಯ ಗುರುತು ಸಿಗುತ್ತದೆ. ಬಿಡುಗಡೆಯ ಸಂಖ್ಯೆ, ಅದರ ಬೆನ್ನಿಗೆ ಎ ಅಥವಾ ಬಿ, ಕೆಲವು ಸಲ ಎಷ್ಟನೆಯ ಕಟ್ (ಅಚ್ಚಿನ ಮೂಲ ತಟ್ಟೆಯಲ್ಲಿ ಹಾಡನ್ನು ಗೆರೆಯಾಗಿ ಕೊರೆಯುವುದು) ಅನ್ನುವ ಅಂಕಿ. ಆಮೇಲೆ ಕಟ್ ಮಾಡಿದ ಎಂಜಿನಿಯರಿನ ಕೈಬರಹ. ‘ಎ ಪೋರ್ಕಿ ಪ್ರೈಮ್ ಕಟ್’ ಅಂತಿದ್ದರೆ ಅದು ಜಾರ್ಜ್ ಪೆಕಮ್ ಅವರ ಸಹಿ. ‘ನಿಲ್ಜ್’ ಅಂತಿದ್ದರೆ ದಿ ಎಕ್ಸ್‌ಚೇಂಜ್ ಸ್ಟುಡಿಯೋದ ನೀಲೇಶ್ ಪಟೇಲ್. ಮೂರನೆಯದು ಕಾರ್ಖಾನೆಯ ಗುರುತು, ಫ್ರಾನ್ಸಿನ ಎಂಪಿಒ ಅಥವಾ ಇಂಗ್ಲೆಂಡಿನ ಡಾಮಂಟ್ ಥರದ್ದು. ಈ ಮೂರನ್ನೂ ಡಿಸ್ಕಾಗ್ಸ್‌ನಲ್ಲಿ (ರೆಕಾರ್ಡುಗಳ ಮಾಹಿತಿ ಮತ್ತು ಮಾರಾಟದ ವೆಬ್‌ಸೈಟು) ಅದೇ ಬಿಡುಗಡೆಯ ಪುಟದಲ್ಲಿರುವ ವಿವರ ಮತ್ತು ಫೋಟೋದ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಮೂಲದಲ್ಲಿ ಕೈಬರಹವಿದ್ದು ನಿಮ್ಮ ಕೈಯಲ್ಲಿರುವುದರಲ್ಲಿ ಬರೀ ಯಂತ್ರದ ಅಂಕಿ ಇದ್ದರೆ ಅದು ಬೇರೆ ಕಟ್. ಅದು ಅಧಿಕೃತ ಮರುಮುದ್ರಣವೂ ಆಗಿರಬಹುದು, ನಕಲೂ ಆಗಿರಬಹುದು. ಆದರೆ ಮೂಲ ಪ್ರತಿಯ ಬೆಲೆ ಅದಕ್ಕಿಲ್ಲ. ಮಾರುವವರು ರನ್‌ಔಟ್ ಫೋಟೋ ಕಳಿಸಲು ಒಪ್ಪದಿದ್ದರೆ ಚೌಕಾಸಿಗೂ ಇಳಿಯಬೇಡಿ, ಮುಂದೆ ಹೋಗಿ.

ಇನ್ನೊಂದು ಗುರುತು ಕಣ್ಣೆದುರೇ ಇದ್ದರೂ ಬಹಳ ಜನ ನೋಡುವುದಿಲ್ಲ: ಲೇಬಲ್ ಮೇಲಿನ ಫೋನ್ ನಂಬರು. ಲಂಡನ್ನಿನ ಕೋಡ್ 1990ರ ಮೇ ತಿಂಗಳಿನಿಂದ 071 ಮತ್ತು 081 ಆಯಿತು. 1995ರ ಏಪ್ರಿಲ್ 16ರಂದು ಅವು ಪೂರ್ತಿಯಾಗಿ 0171 ಮತ್ತು 0181ಕ್ಕೆ ಬದಲಾದವು. ಹೊಸ ಕೋಡುಗಳು 1994ರ ಆಗಸ್ಟಿನಿಂದಲೇ ನಡೆಯುತ್ತಿದ್ದವು. 020 ಬಂದದ್ದು 1999ರಲ್ಲಿ. ಆದ್ದರಿಂದ 1993ರ ಮೊದಲ ಮುದ್ರಣ ಅಂತ ತೋರಿಸಿದ ರೆಕಾರ್ಡಿನ ಮೇಲೆ 0181 ಇದ್ದರೆ ಅದು ಆಮೇಲಿನ ಮುದ್ರಣ. 020 ಇದ್ದರೆ ಇನ್ನೂ ಬಹಳ ಆಮೇಲಿನದು. ಹಳೆಯ ಲೇಬಲ್ಲನ್ನೇ ಸ್ಕ್ಯಾನ್ ಮಾಡಿ ಹಾಕಿದ ನಕಲಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅಂಥದ್ದನ್ನು ಕಿವಿಯೇ ಹಿಡಿಯಬೇಕು. ರೆಕಾರ್ಡಿನಿಂದಲೇ ರೆಕಾರ್ಡು ಮಾಡಿದ್ದರೆ ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿದ್ದರೂ ಚಿಟಪಟ ಸದ್ದು ಕೇಳುತ್ತದೆ, ತೊಳೆದರೂ ಅದು ಅದೇ ಜಾಗದಲ್ಲಿ ಉಳಿಯುತ್ತದೆ, ಹೈ-ಹ್ಯಾಟ್ (ಡ್ರಮ್ಮಿನ ಜೋಡಿ ತಾಳದ ಸದ್ದು) ಮಂಕಾಗಿರುತ್ತದೆ.

ಬೆಲೆಗೆ ಡಿಸ್ಕಾಗ್ಸ್‌ನಲ್ಲಿ ಈಗ ಮಾರಾಟಕ್ಕಿಟ್ಟಿರುವ ರೇಟನ್ನು ನೋಡಬೇಡಿ, ಅದು ಮಾರುವವರ ಆಸೆ. ಹಿಂದಿನ ಮಾರಾಟದ ಇತಿಹಾಸ ತೆರೆದು ನಡುಬೆಲೆ ನೋಡಿ, ಕೊನೆಯ ಮಾರಾಟದ ತಾರೀಕು ನೋಡಿ. ಒಬ್ಬರು ಹುಚ್ಚು ಬೆಲೆಗೆ ಕೊಂಡ ಮಾತ್ರಕ್ಕೆ ಅದು ಮಾರುಕಟ್ಟೆ ದರವಾಗುವುದಿಲ್ಲ. ಅನಧಿಕೃತ ಅಂತ ಗುರುತಾದ ಬಿಡುಗಡೆಗಳನ್ನು ಅಲ್ಲಿ ಮಾರಲು ಬಿಡುವುದಿಲ್ಲ ಅನ್ನುವುದನ್ನೂ ನೆನಪಿಡಿ. ಮಾರಾಟದ ದಾಖಲೆ ಇಲ್ಲ ಅಂದರೆ ಅಪರೂಪ ಅಂತಲೇ ಅರ್ಥವಲ್ಲ.

ಸ್ಥಿತಿಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿಯೇ ಇದೆ. ಇವು ಡಿಜೆಗಳ ಕೈಯಲ್ಲಿ ಪಳಗಿದ ರೆಕಾರ್ಡುಗಳು. ಮೈಮೇಲೆ ಒಂದೂ ಗೀರಿಲ್ಲದ ಪ್ರತಿಯೇ ಬೇಕು ಅಂತ ಹಟ ಹಿಡಿದರೆ ವರ್ಷಗಟ್ಟಲೆ ಕಾಯುತ್ತೀರಿ, ಕೊನೆಗೆ ನಕಲು ಕೊಳ್ಳುತ್ತೀರಿ. ನೋಡಬೇಕಾದ್ದು ಗೀರನ್ನಲ್ಲ, ಕ್ಯೂ ಬರ್ನ್ ಅನ್ನು. ಹಾಡಿನ ಮೊದಲ ಬೀಟ್ ಹುಡುಕಲು ಡಿಜೆ ಅದೇ ಜಾಗದಲ್ಲಿ ರೆಕಾರ್ಡನ್ನು ಹಿಂದೆ ಮುಂದೆ ಉಜ್ಜುತ್ತಾರೆ. ಅಲ್ಲಿ ಗ್ರೂವ್, ಅಂದರೆ ಮುಳ್ಳು ಓಡುವ ಗೆರೆ, ಸವೆದು, ಹಾಡು ಶುರುವಾಗುವಾಗ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಸದ್ದಾಗುತ್ತದೆ. ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ಮಾರುವವರಿಂದ ಮೊದಲ 30 ಸೆಕೆಂಡು ಮತ್ತು ಡ್ರಮ್ ನಿಂತು ಬರೀ ದನಿ ಉಳಿಯುವ ಭಾಗ, ಇವೆರಡರ ಆಡಿಯೋ ತರಿಸಿಕೊಳ್ಳಿ. ಡ್ರಮ್ ಜೋರಾಗಿರುವಾಗ ಗೀರಿನ ಸದ್ದು ಮುಚ್ಚಿಹೋಗುತ್ತದೆ, ನಿಶ್ಶಬ್ದದಲ್ಲಿ ಎಲ್ಲ ಬಯಲಾಗುತ್ತದೆ. ಬಟ್ಟೆ ಹರಿದಂತೆ ಪರಪರ ಸದ್ದು ಒಂದೇ ಕಡೆ ಬರುತ್ತಿದ್ದರೆ ಅಚ್ಚಿನಲ್ಲೇ ವಿನೈಲ್ ಪ್ಲಾಸ್ಟಿಕ್ಕು ಗ್ರೂವನ್ನು ಪೂರ್ತಿ ತುಂಬಿರದಿರಬಹುದು. ಅದೂ ಸರಿಹೋಗುವುದಿಲ್ಲ. ಇಂಟ್ರೋದಲ್ಲಿ ಮಾತ್ರ ಕ್ಯೂ ಬರ್ನ್ ಇದ್ದು ಉಳಿದದ್ದು ಚೆನ್ನಾಗಿದ್ದರೆ, ಹಾಡು ಬೇರೆಲ್ಲೂ ಸಿಗದಿದ್ದರೆ, ಕಣ್ಣು ಮುಚ್ಚಿ ಕೊಳ್ಳಿ.

ತೊಳೆಯುವುದು ಸುಲಭ. 1 ಲೀಟರ್ ಡಿಸ್ಟಿಲ್ಡ್ ನೀರಿಗೆ 150 ಮಿಲಿ ಶುದ್ಧ ಐಸೊಪ್ರೊಪಿಲ್ ಆಲ್ಕೋಹಾಲು, ಫೋಟೋ ಫಿಲ್ಮ್ ತೊಳೆಯಲು ಬಳಸುವ ವೆಟ್ಟಿಂಗ್ ಏಜೆಂಟ್ ಎರಡು ಮೂರು ಹನಿ. ಲೇಬಲ್‌ಗೆ ತಾಗದಂತೆ, ಗ್ರೂವಿನ ದಿಕ್ಕಿನಲ್ಲೇ ಮೆತ್ತನೆ ಬ್ರಷ್ಷಿನಿಂದ ಉಜ್ಜಿ. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ತೊಳೆಯಿರಿ. ಈ ಎರಡನೇ ಸುತ್ತು ಬಿಟ್ಟರೆ ಆ ಏಜೆಂಟಿನ ಪೊರೆ ಗ್ರೂವಿನಲ್ಲೇ ಒಣಗಿ ಮುಳ್ಳಿಗೆ ಮೆತ್ತಿಕೊಳ್ಳುತ್ತದೆ. ನಲ್ಲಿ ನೀರು, ಅದರಲ್ಲೂ ಬೋರ್‌ವೆಲ್ ನೀರು ಬೇಡವೇ ಬೇಡ, ಅದರ ಸುಣ್ಣ ಒಣಗಿ ಚಿಟಪಟ ಹೆಚ್ಚುತ್ತದೆ. ಒಳಗಿನ ಕವರು ಪಾಲಿಥೀನ್‌ದಾಗಿರಲಿ. ದಪ್ಪ, ಮೆತ್ತನೆಯ ಪಿವಿಸಿ ಕವರು ವರ್ಷಗಳಲ್ಲಿ ರಾಸಾಯನಿಕ ಬಿಟ್ಟು ವಿನೈಲ್ ಮೇಲೆ ಮಂಜು ಹಿಡಿದಂಥ ಕಲೆ ಮಾಡುತ್ತದೆ.

ಈ ಮಿಶ್ರಣವನ್ನು ಡಬ್‌ಪ್ಲೇಟಿನ ಹತ್ತಿರವೂ ಸುಳಿಯಲು ಬಿಡಬೇಡಿ. ಡಬ್‌ಪ್ಲೇಟು ವಿನೈಲ್ ಅಲ್ಲ, ಅಲ್ಯೂಮಿನಿಯಂ ತಟ್ಟೆಗೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಳಿದದ್ದು. ಆಲ್ಕೋಹಾಲು ತಾಗಿದರೆ ಲ್ಯಾಕರ್ ಹಾಳಾಗುತ್ತದೆ. ಆ ಕಾಲದಲ್ಲಿ ಹಾಡು ಮುಗಿಸಿದವರು ಟೇಪು ಹಿಡಿದು ಉತ್ತರ ಲಂಡನ್ನಿನ ಮ್ಯೂಸಿಕ್ ಹೌಸ್‌ನಂಥ ಕಡೆ ಸಾಲು ನಿಂತು ಒಂದೊಂದೇ ಪ್ರತಿ ಕಟ್ ಮಾಡಿಸಿ, ಅದೇ ರಾತ್ರಿ ಕ್ಲಬ್ಬಿನಲ್ಲಿ ಹಾಕುತ್ತಿದ್ದರು. ಸಾಮಾನ್ಯವಾಗಿ 10 ಇಂಚು. ಕೈಗೆತ್ತಿಕೊಂಡರೆ ವಿನೈಲ್‌ಗಿಂತ ಭಾರ, ಬಾಗುವುದಿಲ್ಲ, ನಡುವಿನ ತೂತಿನ ಅಂಚಿನಲ್ಲಿ ಬೆಳ್ಳಿ ಬಣ್ಣದ ಲೋಹ ಕಾಣುತ್ತದೆ. ಇವುಗಳಲ್ಲಿ ಕೆಲವು ಹಾಡುಗಳು ಬೇರೆ ಯಾವ ರೂಪದಲ್ಲೂ ಹೊರಬರಲೇ ಇಲ್ಲ. ರೀಮಾರ್ಕ್ ಎಂಬ ನಿರ್ಮಾಪಕರ 1994–96ರ ಬಿಡುಗಡೆಯಾಗದ ಹಾಡುಗಳನ್ನು ಪ್ಲಾನೆಟ್ ಮ್ಯೂ ಎಂಬ ಕಂಪನಿ 2004ರಲ್ಲಿ ಹೊರತಂದಿತು. ಆ ಅದೃಷ್ಟ ಎಲ್ಲರಿಗೂ ಇಲ್ಲ.

ಬೀಗ ಹಾಕಿಡುವವರ ಮೇಲೆ ನನ್ನ ತಕರಾರು ಇಲ್ಲೇ ಇರುವುದು. ನುಡಿಸದಿದ್ದರೆ ಡಬ್‌ಪ್ಲೇಟು ಉಳಿಯುತ್ತದೆ ಅನ್ನುವುದು ಸುಳ್ಳು. ನುಡಿಸಿದರೆ ಪ್ರತಿ ಸಲವೂ ಸವೆಯುತ್ತದೆ ನಿಜ. ಮೊದಲು ಹೈ-ಹ್ಯಾಟ್ ಹೋಗುತ್ತದೆ, ಕೆಲವು ಡಜನ್ ಸಲ ನುಡಿಸುವಷ್ಟರಲ್ಲಿ ಮೇಲ್ಪದರವೇ ಮಸುಕಾಗುತ್ತದೆ. ಆದರೆ ಇಟ್ಟಲ್ಲೇ ಇಟ್ಟರೂ ಲ್ಯಾಕರ್ ಒಳಗಿನಿಂದ ಕೆಡುತ್ತಲೇ ಇರುತ್ತದೆ. ಅದನ್ನು ಮೆತ್ತಗಿಡಲು ಹಾಕಿದ ಹರಳೆಣ್ಣೆ ಒಡೆದು, ಕೊಬ್ಬಿನ ಆಮ್ಲ ಬಿಳಿ ಪುಡಿಯಾಗಿ ಮೇಲೆ ಬರುತ್ತದೆ. ಬೆರಳಿಗೆ ಜಿಡ್ಡುಜಿಡ್ಡು, ನೋಡಲು ಬೂಷ್ಟಿನ ಹಾಗೆ. ಪದರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ, ಕೊನೆಗೆ ಒಣಗಿದ ಕೆರೆಯ ಮಣ್ಣಿನಂತೆ ಬಿರುಕು ಬಿಟ್ಟು ಏಳುತ್ತದೆ. ಬಿರುಕು ಬಿಟ್ಟ ಮೇಲೆ ಯಾರಿಂದಲೂ ಏನೂ ಮಾಡಲಾಗದು. ಹಾಗಾಗಿ ಡಬ್‌ಪ್ಲೇಟು ಕೈಗೆ ಬಂದರೆ ಮೊದಲ ಕೆಲಸ ಕಂಪ್ಯೂಟರಿಗೆ ಇಳಿಸುವುದು. ಫೋಟೋ ಹಾಕುವುದೆಲ್ಲ ಆಮೇಲೆ.

ಇಳಿಸುವ ಕ್ರಮ ಹೀಗೆ. ಮುಳ್ಳು ಹೊಸದಿರಲಿ, ಎಲಿಪ್ಟಿಕಲ್ (ತುದಿ ಅಂಡಾಕಾರದ್ದು) ಇರಲಿ. ಡಿಜೆ ಮುಳ್ಳು ಗೋಳಾಕಾರದ್ದು, 3 ಗ್ರಾಂ ಮತ್ತು ಅದಕ್ಕೂ ಹೆಚ್ಚು ಭಾರ ಹಾಕಿ ಓಡಿಸುವಂಥದ್ದು. ಎಲಿಪ್ಟಿಕಲ್‌ಗೆ 2 ಗ್ರಾಂ ಒಳಗೆ ಸಾಕು, ಉದಾಹರಣೆಗೆ ಆರ್ಟೋಫೋನ್ 2ಎಂ ರೆಡ್‌ಗೆ ಕಂಪನಿ ಹೇಳುವುದು 1.8 ಗ್ರಾಂ. ಆಕಾರ ಬೇರೆಯಾದ್ದರಿಂದ ಡಿಜೆ ಮುಳ್ಳು ಸವೆಸದ ಗ್ರೂವಿನ ಭಾಗವನ್ನು ಇದು ಮುಟ್ಟುವ ಸಾಧ್ಯತೆಯೂ ಇದೆ, ಸವೆದ ವಿನೈಲ್‌ಗೂ ಇದೇ ಒಳ್ಳೆಯದು. ತೂಕ, ಲೆವೆಲ್ಲು, ಕೇಬಲ್ಲು, ಎಲ್ಲವನ್ನೂ ಯಾವುದಾದರೂ ಸಾಧಾರಣ ಜಂಗಲ್ 12 ಇಂಚು ಹಾಕಿ ಮೊದಲೇ ಸರಿಮಾಡಿಕೊಳ್ಳಿ. ಡಬ್‌ಪ್ಲೇಟಿಗೆ ಟ್ರಯಲ್ ಇಲ್ಲ. ಮೊದಲ ಸಲ ಮುಳ್ಳು ಇಳಿಯುವಾಗಲೇ ರೆಕಾರ್ಡಿಂಗ್ ಓಡುತ್ತಿರಬೇಕು. 24 ಬಿಟ್, 96 ಕಿಲೋಹರ್ಟ್ಸ್. ಇವನ್ನು ಬಹಳ ಜೋರಾಗಿ ಕಟ್ ಮಾಡಿರುತ್ತಾರೆ, ಆದ್ದರಿಂದ ಪರೀಕ್ಷೆಯ ರೆಕಾರ್ಡಿನಲ್ಲಿ ಪೀಕ್, ಅಂದರೆ ಅತಿ ಜೋರಿನ ಸದ್ದು, ಮೈನಸ್ 12 ಡೆಸಿಬೆಲ್ ದಾಟದಂತೆ ಇಡಿ. 24 ಬಿಟ್‌ನಲ್ಲಿ ಕಡಿಮೆ ಲೆವೆಲ್ಲಿನಿಂದ ನಷ್ಟವಿಲ್ಲ, ಕ್ಲಿಪ್ ಆದರೆ, ಅಂದರೆ ಸದ್ದು ಮಿತಿ ಮೀರಿ ಕತ್ತರಿಸಿಹೋದರೆ, ತಿದ್ದಲಾಗದು. 20 ಹರ್ಟ್ಸ್ ಕೆಳಗಿನದನ್ನು ಕತ್ತರಿಸುವ ಫಿಲ್ಟರ್ ಪರವಾಗಿಲ್ಲ. ಅದಕ್ಕಿಂತ ಮೇಲೆ ಕತ್ತರಿಸಬೇಡಿ, ಈ ಹಾಡುಗಳ ಬಾಸ್ 40ರಿಂದ 60 ಹರ್ಟ್ಸ್ ನಡುವೆಯೇ ಕೂತಿರುತ್ತದೆ. ಚಿಟಪಟ ತೆಗೆಯುವ ಸಾಫ್ಟ್‌ವೇರನ್ನು ಮೂಲ ಫೈಲಿಗೆ ತಾಗಿಸಬೇಡಿ. ಅಮೆನ್ ಡ್ರಮ್ಮಿನ ಸ್ನೇರ್ ಪೆಟ್ಟನ್ನೇ ಅದು ಗೀರು ಅಂದುಕೊಂಡು ಮೊಂಡು ಮಾಡುತ್ತದೆ.

ವಿದೇಶದಿಂದ ತರಿಸುವವರಿಗೆ ಒಂದು ಮಾತು: ರೆಕಾರ್ಡನ್ನು ಕವರಿನಿಂದ ಹೊರಗೆ ತೆಗೆದು, ಒಳಗಿನ ಕವರಿನ ಸಮೇತ ಹೊರಗಿನ ಕವರಿನ ಹಿಂದಿಟ್ಟು ಪ್ಯಾಕ್ ಮಾಡಿ ಅಂತ ಮಾರುವವರಿಗೆ ಬರೆಯಿರಿ. ಒಳಗೇ ಬಿಟ್ಟರೆ ದಾರಿಯಲ್ಲಿ ಬಿದ್ದಾಗ ರೆಕಾರ್ಡಿನ ಅಂಚು ಕವರನ್ನು ಸೀಳಿಕೊಂಡು ಬರುತ್ತದೆ. ನಮ್ಮಲ್ಲಿ ಸುಂಕವನ್ನು ರೆಕಾರ್ಡಿನ ಬೆಲೆಗೆ ಅಂಚೆ ಖರ್ಚು ಸೇರಿಸಿ ಲೆಕ್ಕ ಹಾಕುತ್ತಾರೆ. ಹಾಗಾಗಿ ಒಂದೊಂದೇ ತರಿಸುವ ಬದಲು ಒಬ್ಬರ ಹತ್ತಿರವೇ ನಾಲ್ಕೈದು ಒಟ್ಟಿಗೆ ಕೊಂಡರೆ ತಲಾ ಖರ್ಚು ಇಳಿಯುತ್ತದೆ. ಪೊಟ್ಟಣ ಬಂದ ಕೂಡಲೇ ನುಡಿಸಬೇಡಿ, ಬಿಸಿಲಿನ ವ್ಯಾನಿನಲ್ಲಿ ಕಾದು ಬಂದಿರುತ್ತದೆ. ಸಮತಟ್ಟಾದ ಜಾಗದಲ್ಲಿ ಒಂದು ದಿನ ಬಿಡಿ, ಆಮೇಲೆ ಬಿಚ್ಚಿ.

ಮಂಗಳೂರು, ಉಡುಪಿ, ಮಲೆನಾಡಿನ ಕಡೆಯವರಿಗೆ ಮಳೆಗಾಲದ ತೇವವೇ ದೊಡ್ಡ ಶತ್ರು, ಬೂಷ್ಟು ಮೊದಲು ಕಾಗದದ ಕವರಿಗೆ, ಅಲ್ಲಿಂದ ಗ್ರೂವಿಗೆ ಇಳಿಯುತ್ತದೆ. ರೆಕಾರ್ಡುಗಳನ್ನು ನೆಟ್ಟಗೆ ನಿಲ್ಲಿಸಿ, ಹೊರಗೋಡೆಗೆ ತಾಗಿಸಬೇಡಿ, ನೂರಿನ್ನೂರು ರೂಪಾಯಿಯ ತೇವಮಾಪಕ ಒಂದನ್ನು ಪಕ್ಕದಲ್ಲಿಟ್ಟು ತೇವ ಶೇಕಡಾ 50 ದಾಟದಂತೆ ನೋಡಿಕೊಳ್ಳಿ. ಡಬ್‌ಪ್ಲೇಟುಗಳನ್ನು ಮಾತ್ರ ಬೇರೆ ಪೆಟ್ಟಿಗೆಯಲ್ಲಿಡಿ. ಪ್ರತಿಯೊಂದರ ಕವರಿನ ಮೇಲೆ ಪೆನ್ಸಿಲಿನಲ್ಲಿ ಇಳಿಸಿದ ತಾರೀಕು, ಬಳಸಿದ ಮುಳ್ಳು, ಫೈಲಿನ ಹೆಸರು ಬರೆದಿಡಿ. ಆ ಫೈಲಿನ ಒಂದು ಪ್ರತಿ ನಿಮ್ಮ ಮನೆಯಲ್ಲದ ಇನ್ನೊಂದು ಮನೆಯಲ್ಲಿರಲಿ.