ಕಾಂಕ್ರೀಟ್ ರಸ್ತೆ ಬಗ್ಗೆ ಓಡಾಡುತ್ತಿರುವ ಮೆಸೇಜ್: ಸ್ಪಷ್ಟನೆ

ಡಾಂಬರು ರಸ್ತೆ ಮಳೆನೀರನ್ನು ಇಂಗಿಸುತ್ತಿತ್ತು, ವೈಟ್ ಟಾಪಿಂಗ್ (ಡಾಂಬರು ರಸ್ತೆಯ ಮೇಲೆ ಕಾಂಕ್ರೀಟ್ ಹಾಸುವುದು) ಬಂದಮೇಲೆ ಇಂಗೋದು ನಿಂತು ಬೆಂಗಳೂರು ಮುಳುಗುತ್ತಿದೆ ಎಂಬ ಮೆಸೇಜ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ನಮ್ಮ ಡಾಂಬರು ರಸ್ತೆಗಳೂ ನೀರು ಇಂಗಿಸುವುದಿಲ್ಲ. ಇಂಗಬಾರದು ಅಂತಲೇ ಅವನ್ನು ಹಾಗೆ ಹಾಕುವುದು. ನೀರು ಒಳಗಿಳಿದರೆ ಡಾಂಬರು ಜಲ್ಲಿಯ ಮೇಲಿನ ಹಿಡಿತ ಬಿಡುತ್ತದೆ, ಗುಂಡಿ ಬೀಳುತ್ತದೆ. ಅದಕ್ಕೇ ರಸ್ತೆಯ ನಡುಭಾಗ ಎತ್ತರ, ಅಂಚು ತಗ್ಗು. ಮಳೆ ಜಾಸ್ತಿ ಇರುವ ಕಡೆ ಒಂದು ಮೀಟರಿಗೆ ಎರಡು ಸೆಂಟಿಮೀಟರ್ ಇಳಿಜಾರು ಎಂದು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುತ್ತದೆ. ಒಳ್ಳೆಯ ಡಾಂಬರಿಗೂ ಕಾಂಕ್ರೀಟಿಗೂ ಅದೇ ಲೆಕ್ಕ.

ಹಾಗೆ ಇಳಿದ ನೀರು ಮೋರಿ ಸೇರಿ ರಾಜಕಾಲುವೆಗೆ, ಅಂದರೆ ಮಳೆನೀರಿನ ದೊಡ್ಡ ಕಾಲುವೆಗೆ, ಹೋಗಬೇಕು. ಮಳೆ ಬಂದಾಗ ಮೋರಿಯ ಜಾಲರಿ ನೋಡಿ. ಪ್ಲಾಸ್ಟಿಕ್ ಕವರ್, ಕೊಳೆತ ಎಲೆ, ಯಾರೋ ಬಿಟ್ಟುಹೋದ ಜಲ್ಲಿ ಮರಳು. ನೀರು ಎಲ್ಲಿಗೆ ಹೋಗಬೇಕು ಹೇಳಿ? ಮುಂದೆ ರಾಜಕಾಲುವೆಯೂ ಒತ್ತುವರಿಯಾಗಿದ್ದರೆ ಅದು ತಗ್ಗಿನ ಬಡಾವಣೆಗೆ ನುಗ್ಗುತ್ತದೆ.

ವೈಟ್ ಟಾಪಿಂಗ್ ಬಗ್ಗೆ ಒಂದು ದೂರು ಮಾತ್ರ ನಿಜ. ಹಳೇ ಡಾಂಬರನ್ನು ಕೆರೆದು ಮಟ್ಟ ಇಳಿಸದೆ ಅದರ ಮೇಲೇ ಕಾಂಕ್ರೀಟ್ ಸುರಿದರೆ ರಸ್ತೆ ಮನೆ ಬಾಗಿಲಿಗಿಂತ ಎತ್ತರವಾಗಬಹುದು. ಕೆಲಸ ಶುರುವಾಗುವ ಮೊದಲೇ ಎಂಜಿನಿಯರ್ ಹತ್ತಿರ ಇದನ್ನು ಕೇಳಿ. ಆಮೇಲೆ ಕೇಳಿ ಪ್ರಯೋಜನವಿಲ್ಲ.

ನೀರು ಇಂಗುವುದು ಕೆರೆ, ಪಾರ್ಕು, ಮರದ ಬುಡ, ಇಂಗುಗುಂಡಿಗಳಲ್ಲಿ. ಬೆಂಗಳೂರಿನಲ್ಲಿ 30x40 ಅಡಿ ಸೈಟಿನ ಹೊಸ ಮನೆಗೂ 2009ರಲ್ಲೇ ಮಳೆನೀರು ಕೊಯ್ಲು ಕಡ್ಡಾಯವಾಯಿತು.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.