ಗುಂಡು ನಿಂತ ಊರಿಗೆ ಬೀಜದ ಮೂಟೆಯೋ, ಕೈಗೆ ಕಾಸೋ?

ದಾವಣಗೆರೆಯಲ್ಲಿ ಒಂದು ಸಂಜೆ, ಮಂಡಕ್ಕಿ-ಮೆಣಸಿನಕಾಯಿ ತಟ್ಟೆಯ ಮುಂದೆ ಎದ್ದ ಜಗಳ ಇದು. ಯುದ್ಧ ಮುಗಿದು ಊರಿಗೆ ಮರಳಿದ ರೈತನಿಗೆ ನೆರವಿನವರು ಮೊದಲು ಬಿತ್ತನೆ ಬೀಜವನ್ನೇ ಕೊಡಬೇಕೇ? ಹೌದು ಎನ್ನುವವರು ಚಳ್ಳಕೆರೆ ತಾಲ್ಲೂಕಿನ ಶೇಂಗಾ ಬೆಳೆಗಾರರು. ಬೇಡ ಎನ್ನುವವರು ದಾವಣಗೆರೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವರು. ಬೀಜ ಮಾರುವವರೇ ಬೀಜ ಬೇಡ ಎನ್ನುತ್ತಿರುವುದರಿಂದ ಇಬ್ಬರ ಮಾತನ್ನೂ ಬರೆಸಿಕೊಂಡೆವು.

ಪರ: ಮೊದಲು ಬೀಜ

ಯುದ್ಧ ಕಂಡವನಲ್ಲ ನಾನು. ನಮ್ಮ ಸೀಮೆ ಕಂಡಿರುವುದು ಬರ. ಆದರೆ ಬಿತ್ತನೆ ಬೀಜವನ್ನೇ ತಿಂದ ಮನೆ ಹೇಗಿರುತ್ತದೆ ಎಂಬುದು ನನಗೆ ಗೊತ್ತು. ನಾನು ಹುಡುಗನಾಗಿದ್ದಾಗ ಒಂದು ವರ್ಷ ಅಟ್ಟದ ಮೇಲಿದ್ದ ಶೇಂಗಾ ಚೀಲವನ್ನು ಅವ್ವ ಯಾರಿಗೂ ಮುಟ್ಟಗೊಡಲಿಲ್ಲ. ಬೇಸಗೆ ಏರಿದಂತೆ ಆಕೆಯೇ ಚೀಲದ ಬಾಯಿ ಬಿಚ್ಚಿದಳು. ಒಂದು ಬೊಗಸೆ ತೆಗೆದು, ದಬ್ಬಣದಿಂದ ಮತ್ತೆ ಹೊಲಿದಳು. ಆ ಹೊಲಿಗೆ ಎಷ್ಟು ಸಲ ಬಿಚ್ಚಿತೋ ಲೆಕ್ಕವಿಲ್ಲ. ಮಳೆ ಬಿದ್ದ ದಿನ ಚೀಲದಲ್ಲಿ ಉಳಿದದ್ದು ಅರ್ಧ ಎಕರೆಗೂ ಸಾಲದು. ರಾಗಿಯಾದರೆ ಸೆರಗಿನ ತುದಿಗೆ ಕಟ್ಟಿ ತಂದು ಬಿತ್ತಬಹುದು. ಶೇಂಗಾಕ್ಕೆ ಎಕರೆಗೆ 40ರಿಂದ 50 ಕಿಲೋ ಕಾಳು ಬೇಕು. ಅಷ್ಟನ್ನು ಕಷ್ಟದ ವರ್ಷದಲ್ಲಿ ಉಳಿಸಿಕೊಳ್ಳಲು ಕಲ್ಲೆದೆ ಬೇಕು.

ಹಣ ಕೊಟ್ಟರೆ ಬೀಜ ತಾನಾಗಿ ಬರುತ್ತದೆ ಎನ್ನುವವರು ಸಂತೆ ನೆಟ್ಟಗಿದೆ ಎಂದು ನಂಬಿರುತ್ತಾರೆ. ಸೇತುವೆ ಬಿದ್ದಿರುವ, ಲಾರಿ ಓಡಾಡದ, ವ್ಯಾಪಾರಿ ಊರು ಬಿಟ್ಟಿರುವ ಕಡೆ ನೋಟು ಹಿಡಿದು ಎಲ್ಲಿಗೆ ಹೋಗಬೇಕು? ಎಲ್ಲರ ಕೈಗೂ ಒಂದೇ ವಾರ ದುಡ್ಡು ಬಿದ್ದರೆ ಇರುವ ನಾಲ್ಕು ಚೀಲದ ಬೆಲೆ ಆಕಾಶಕ್ಕೆ ಏರುತ್ತದೆ. ನಮ್ಮ ಅನ್ನಭಾಗ್ಯವನ್ನೇ ನೋಡಿ. 2023ರ ಜುಲೈಯಿಂದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು, ಕಿಲೋಗೆ 34 ರೂಪಾಯಿಯ ಲೆಕ್ಕದಲ್ಲಿ. ಆ ದರಕ್ಕೆ ನಮ್ಮೂರಿನ ಕಿರಾಣಿ ಅಂಗಡಿಯಲ್ಲಿ ಎಂತಹ ಅಕ್ಕಿ ಸಿಗುತ್ತದೆ ಎಂದು ಹೆಂಗಸರನ್ನು ಕೇಳಿ. 2025ರಲ್ಲಿ ಸರ್ಕಾರ ಮತ್ತೆ ಅಕ್ಕಿಯನ್ನೇ ಕೊಡತೊಡಗಿತು. ಶಾಂತಿಯಿರುವ ನಾಡಿನ ಮಾತೇ ಹೀಗೆ.

ಇನ್ನು, ಬೀಜ ಒಮ್ಮೆ ಹೋದರೆ ಹೋಯಿತು. ಸಿರಿಯಾದ ಅಲೆಪ್ಪೊ ಪಕ್ಕದಲ್ಲಿ ಒಣಭೂಮಿ ಬೆಳೆಗಳ ದೊಡ್ಡ ಬೀಜ ಭಂಡಾರವಿತ್ತು: ಗೋಧಿ, ಬಾರ್ಲಿ, ಕಡಲೆ, ಮಸೂರ. ಕಾಳಗ ಅಲ್ಲಿಗೂ ಬಂತು. ನಾರ್ವೆಯ ಸ್ವಾಲ್‌ಬಾರ್ಡ್‌ನ ಹಿಮದ ಗುಡ್ಡದೊಳಗೆ 2008ರಲ್ಲಿ ತೆರೆದ ಉಗ್ರಾಣದಲ್ಲಿ ಅದರ ಪ್ರತಿಗಳನ್ನು ಇಟ್ಟಿದ್ದರಿಂದ ಬಚಾವಾಯಿತು. ಆ ಉಗ್ರಾಣದಿಂದ ಮೊತ್ತಮೊದಲು ಬೀಜ ಹೊರತೆಗೆದದ್ದೇ 2015ರಲ್ಲಿ, ಈ ಭಂಡಾರಕ್ಕಾಗಿ. ಲೆಬನಾನ್ ಮತ್ತು ಮೊರೊಕ್ಕೊದಲ್ಲಿ ಬಿತ್ತಿ ಬೆಳೆಸಿದರು. ಅಂಗಡಿಯ ಗೆಳೆಯರು ಈಗ ಆಫ್ರಿಕಾದ ರುವಾಂಡಾ ಕಥೆ ತೆಗೆಯುತ್ತಾರೆ, ತೆಗೆಯಲಿ. ಅಲ್ಲಿ ಆಲೂಗಡ್ಡೆಗೆ ಏನಾಯಿತು ಎಂಬುದನ್ನೂ ಹೇಳಲಿ.

ಬರೀ ಬೀಜ ಕೊಟ್ಟು ಕೈತೊಳೆದುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಬೀಜದ ಜೊತೆ ಸುಗ್ಗಿಯವರೆಗಿನ ಊಟದ ಕಾಳನ್ನೂ ಕೊಡಬೇಕು. ಇಲ್ಲದಿದ್ದರೆ ಆ ಚೀಲದ ಹೊಲಿಗೆಯೂ ಬಿಚ್ಚುತ್ತದೆ.

ವಿರೋಧ: ಬೀಜ ಊರಲ್ಲೇ ಇರುತ್ತದೆ

ಮೊದಲ ಹದ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ನನ್ನ ಅಂಗಡಿಗೆ ಬಂದು ನೋಡಬೇಕು. ಷಟರ್ ಎತ್ತುವ ಮೊದಲೇ ಕಟ್ಟೆಯ ಮೇಲೆ ಹತ್ತು ಜನ ಕುಳಿತಿರುತ್ತಾರೆ. ಯಾರೂ 'ಬೀಜ ಕೊಡಿ' ಎನ್ನುವುದಿಲ್ಲ. ಕೆಂಪು ಮಣ್ಣಿನವರು ಒಂದು ಹೆಸರು ಹೇಳುತ್ತಾರೆ, ಎರೆಭೂಮಿಯವರು ಇನ್ನೊಂದು. ನಾನು ಬೇರೆ ಪ್ಯಾಕೆಟ್ ಮುಂದಿಟ್ಟರೆ ತಿರುಗಿಸಿ ನೋಡಿ ಅಲ್ಲೇ ಬಿಟ್ಟು ಹೋಗುತ್ತಾರೆ. ಇಷ್ಟು ತಿಳಿದವರಿಗೆ ಜಿನೀವಾದಲ್ಲೋ ರೋಮಿನಲ್ಲೋ ಕುಳಿತ ನೆರವು ಸಂಸ್ಥೆಯವರು ತಳಿ ಆರಿಸಿ ಕಳಿಸುವುದೇ?

ಹೌದು, ರುವಾಂಡಾ. 1994ರಲ್ಲಿ ನೂರು ದಿನಗಳಲ್ಲಿ ಲಕ್ಷಾಂತರ ಜನರನ್ನು ಕೊಂದ ದೇಶ ಅದು. ಅಲ್ಲಿ ದಿನನಿತ್ಯದ ಊಟ ಹುರುಳಿಕಾಯಿಯ (ಬೀನ್ಸ್) ಕಾಳು, ನೂರಾರು ತರಹದ್ದು, ಬಣ್ಣ ಬೆರೆಸಿ ಬಿತ್ತುವ ರೂಢಿ. ತಳಿಗಳೆಲ್ಲ ಅಳಿದವು ಎಂದು ಜಗತ್ತು ಗಾಬರಿಯಾಯಿತು. ವಿಜ್ಞಾನಿಗಳು ಹಳ್ಳಿಹಳ್ಳಿಗೆ ಹೋಗಿ ನೋಡಿದರೆ ಕಾಳಿನ ತಳಿಗಳು ಬಹುಪಾಲು ಮನೆಗಳಲ್ಲಿ, ಸಂತೆಗಳಲ್ಲಿ ಹಾಗೆಯೇ ಇದ್ದವು. ಬೀಜವಿಲ್ಲದವರಿಗೆ ಇಲ್ಲದಿದ್ದದ್ದು ಕೊಳ್ಳುವ ಕಾಸು. ಆಲೂಗಡ್ಡೆಯ ಮಾತು ಒಪ್ಪುತ್ತೇನೆ: ಸುಧಾರಿತ ತಳಿಯ ಬಿತ್ತನೆ ಗಡ್ಡೆಗೆ ಅಲ್ಲಿನ ರೈತರು ಸರ್ಕಾರಿ ವ್ಯವಸ್ಥೆಯನ್ನು ನೆಚ್ಚಿದ್ದರು, ಅದು ಕುಸಿದು ಬಿತ್ತು. ಆದರೆ ಇದು ಯಾರ ವಾದಕ್ಕೆ ಬಲ? ಮನೆಯ ಬೀಜ ಉಳಿಯಿತು, ಹೊರಗಿನದನ್ನು ನಂಬಿದ್ದು ಕೈಕೊಟ್ಟಿತು.

ದಾವಣಗೆರೆಯವರಾದ ನಮಗೆ ಇದು ಬೇಗ ಹೊಳೆಯುವುದಿಲ್ಲ. ನಾವು ಮೆಕ್ಕೆಜೋಳದ ಜನ, ನಮಗೆ ಬೀಜ ಎಂದರೆ ವರ್ಷಕ್ಕೊಮ್ಮೆ ಕೊಳ್ಳುವ ಪ್ಯಾಕೆಟ್. ಹೈಬ್ರಿಡ್ ತೆನೆಯ ಕಾಳನ್ನು ಮರುವರ್ಷ ಬಿತ್ತಿದರೆ ಪೈರು ಏಕರೂಪವಾಗಿ ಬರುವುದಿಲ್ಲ, ಇಳುವರಿ ಬೀಳುತ್ತದೆ. ಹೊಸದುರ್ಗದ ಕಡೆ ಸಾವೆ, ನವಣೆ ಬೆಳೆಯುವವರ ಬೀಜ ಇಂದಿಗೂ ಮನೆಯಲ್ಲಿದೆ. ಅಂತಹವರ ಕೈಗೆ ಪುಕ್ಕಟೆ ಹೈಬ್ರಿಡ್ ಪ್ಯಾಕೆಟ್ ಕೊಟ್ಟರೆ ಮುಂದಿನ ವರ್ಷ ಅವರು ನನ್ನಂಥವನ ಕಟ್ಟೆಗೆ ಬಂದು ಕೂರುತ್ತಾರೆ. ನನ್ನ ವ್ಯಾಪಾರಕ್ಕೆ ಲಾಭ, ಇಲ್ಲ ಎನ್ನಲಾರೆ.

ತಡವಾಗಿ ಬಂದ ಬೀಜದ ಗತಿ ಇನ್ನೂ ಕೆಟ್ಟದು. 1971ರಲ್ಲಿ ಬರದ ನಂತರ ಇರಾಕ್ ದೇಶ ಬಿತ್ತನೆ ಗೋಧಿ ತರಿಸಿತು. ಅದಕ್ಕೆ ಬೂಷ್ಟು ಹಿಡಿಯದಿರಲೆಂದು ಪಾದರಸದ ವಿಷ ಸವರಿ ಗುಲಾಬಿ ಬಣ್ಣ ಹಾಕಲಾಗಿತ್ತು. ಚೀಲದ ಮೇಲಿನ ಎಚ್ಚರಿಕೆ ಸ್ಪ್ಯಾನಿಷ್ ಮತ್ತು ಇಂಗ್ಲಿಷಿನಲ್ಲಿ. ಅನೇಕ ಕಡೆ ಅದು ತಲುಪುವಷ್ಟರಲ್ಲಿ ಬಿತ್ತನೆ ಮುಗಿದಿತ್ತು. ಜನ ಬಣ್ಣ ತೊಳೆದು ರೊಟ್ಟಿ ಮಾಡಿದರು. ಬಣ್ಣ ಹೋಯಿತು, ವಿಷ ಹೋಗಲಿಲ್ಲ. ಆಸ್ಪತ್ರೆ ಸೇರಿದವರು 6,530, ಅಲ್ಲಿ ಸತ್ತವರು 459. ಅದು ಯುದ್ಧದ ಕಥೆಯಲ್ಲ, ಸರಿ. ಹಸಿದ ಊರಿಗೆ ಹೊತ್ತು ಮೀರಿ ಮೂಟೆ ಇಳಿಸಿದ ಕಥೆ.

ಕೆಲವೊಮ್ಮೆ ಬೀಜವೂ ಇರುತ್ತದೆ, ಕಾಸೂ ಇರುತ್ತದೆ, ನೆಲವೇ ಇರುವುದಿಲ್ಲ. 2009ರಲ್ಲಿ ಶ್ರೀಲಂಕಾದ ಯುದ್ಧ ಮುಗಿದ ಮೇಲೆ ಭಾರತ ಅಲ್ಲಿನ ಉತ್ತರ ಭಾಗಕ್ಕೆ ಬೀಜ, ಸಲಕರಣೆ, 500 ಟ್ರಾಕ್ಟರ್ ಕಳಿಸಿತು. ಒಳ್ಳೆಯದೇ. ಆದರೆ ಹೊಲಗಳಲ್ಲಿ ನೆಲಬಾಂಬುಗಳಿದ್ದವು. ಸೇನೆ ಹಿಡಿದಿಟ್ಟಿದ್ದ ಜಮೀನು ಒಡೆಯರಿಗೆ ಮರಳಲು ವರ್ಷಗಳೇ ಹಿಡಿದವು. ಬೇಲಿಯಾಚೆ ನಿಂತು ತನ್ನದೇ ಹೊಲ ನೋಡುವವನಿಗೆ ಬೀಜದ ಕಿಟ್ ಏತಕ್ಕೆ?

ಗೆಳೆಯರ ಅವ್ವನ ಚೀಲದ ಕಥೆಯನ್ನು ನಾನು ಹತ್ತು ಸಲ ಕೇಳಿದ್ದೇನೆ. ಹತ್ತು ಸಲವೂ ಅವರು ಅದನ್ನು ಅರ್ಧ ಎಕರೆಯಲ್ಲೇ ನಿಲ್ಲಿಸಿದ್ದಾರೆ. ಆಮೇಲೆ ಏನಾಯಿತು ಎಂದು ಒಮ್ಮೆ ಒತ್ತಾಯಿಸಿ ಕೇಳಿದೆ. ಪಕ್ಕದ ಊರಿನ ಒಬ್ಬರ ಮನೆಯಿಂದ ಬೀಜ ತಂದರಂತೆ, ಸುಗ್ಗಿಯಲ್ಲಿ ಒಂದಕ್ಕೆ ಒಂದೂವರೆ ಅಳೆದು ಕೊಡುವ ಕರಾರಿನ ಮೇಲೆ. ಬೀಜ ಮೂರು ಮೈಲಿ ದೂರದಲ್ಲಿತ್ತು. ಅವರ ಅಪ್ಪನ ಜೇಬಿನಲ್ಲಿ ಆ ದಿನ ದುಡ್ಡಿರಲಿಲ್ಲ.