ಬಡಾವಣೆಯ ಹೊರದೀಪಗಳಿಗೆ ರಾತ್ರಿ ಮಿತಿ ಬೇಕಾ?

ಪರ: ಅರುಂಧತಿ ಕಾಣಲಿ

ಮದುವೆಯಲ್ಲಿ ಪುರೋಹಿತರು ಅರುಂಧತಿ ನಕ್ಷತ್ರ ತೋರಿಸುತ್ತಾರೆ. ಹಗಲು ಹೊತ್ತು, ಏನೂ ಕಾಣುವುದಿಲ್ಲ. ಆದರೂ ಕೈ ಮುಗಿಯುತ್ತೇವೆ. ನನ್ನ ಮಗಳಿಗೆ ಅದನ್ನು ನಿಜವಾಗಿ ತೋರಿಸೋಣ ಅಂತ ಒಂದು ರಾತ್ರಿ ತಾರಸಿಗೆ ಕರೆದುಕೊಂಡು ಹೋದೆ. ಸಪ್ತರ್ಷಿ ಮಂಡಲದ ಬಾಲದಲ್ಲಿ ವಸಿಷ್ಠ ಸಿಕ್ಕ. ಪಕ್ಕದ ಆ ಸಣ್ಣ ಚುಕ್ಕಿ ಸಿಗಲೇ ಇಲ್ಲ.

ಎದುರಿನ ಕಾಂಪೌಂಡಿನಲ್ಲಿ ಎರಡು ಫ್ಲಡ್‌ಲೈಟ್ ಇವೆ. ಮುಖ ಮೇಲಕ್ಕೆ. ಬೆಳಗಿನ ತನಕ ಉರಿಯುತ್ತವೆ. ಬೆಳಕು ಬೇಕಿರುವುದು ನೆಲಕ್ಕೆ, ಹೋಗುತ್ತಿರುವುದು ಮೋಡಕ್ಕೆ. ಬಿಳಿ ಎಲ್‌ಇಡಿಯಲ್ಲಿ ನೀಲಿ ಬೆಳಕು ಜಾಸ್ತಿ. ನೀಲಿ ಬೇಗ ಚದುರುತ್ತದೆ, ಹಗಲಿನ ಆಕಾಶ ನೀಲಿ ಕಾಣುವುದೂ ಅದರಿಂದಲೇ. ರಾತ್ರಿ ಅದೇ ಬೆಳಕು ಊರ ಮೇಲೆ ಮಬ್ಬಾಗಿ ಹರಡಿಕೊಳ್ಳುತ್ತದೆ.

ಕತ್ತಲಲ್ಲಿ ಕೂರಿ ಅಂತ ನಾನು ಹೇಳುತ್ತಿಲ್ಲ. ದೀಪದ ಮೇಲೊಂದು ಮುಚ್ಚಳ, 3000 ಕೆಲ್ವಿನ್‌ಗಿಂತ ಕಡಿಮೆಯ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಹಳದಿ) ಹಳದಿ ಬಲ್ಬ್, 11 ಗಂಟೆ ಆದ ಮೇಲೆ ಗೇಟಿನ, ಗೋಡೆಯ ದೀಪಗಳು ಬಂದ್. ಲಡಾಖಿನ ಹಾನ್ಲೆಯಲ್ಲಿ ಒಂದು ದೊಡ್ಡ ಟೆಲಿಸ್ಕೋಪ್ ಇದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕೂತು! ಅದರ ಸುತ್ತಲಿನ ಪ್ರದೇಶ 2022ರಲ್ಲಿ ಕತ್ತಲ ಆಕಾಶದ ಮೀಸಲು ಜಾಗವಾಯಿತು. ಅಲ್ಲಿನ ಹಳ್ಳಿಯವರು ಕಿಟಕಿಗೆ ದಪ್ಪ ಪರದೆ ಹಾಕುತ್ತಾರೆ, ಬಂದವರಿಗೆ ತಾವೇ ಟೆಲಿಸ್ಕೋಪಿನಲ್ಲಿ ಆಕಾಶ ತೋರಿಸುತ್ತಾರೆ. ನಾವು ಮುಚ್ಚಳದಷ್ಟಾದರೂ ಮಾಡಬಹುದಲ್ವಾ?

ವಿರೋಧ: ಗೇಟಿನ ದೀಪ ಆರಿಸಬೇಡಿ

ನಮ್ಮ ಲೇಔಟಿನ ಕೊನೆಯ ತಿರುವಿನಲ್ಲಿ ಒಂದು ಹೊಂಗೆ ಮರ. ಅದರ ಕೆಳಗಿನ ಬೀದಿದೀಪ ಒಂದು ಇಡೀ ಮಳೆಗಾಲ ಉರಿಯಲಿಲ್ಲ. ಪಕ್ಕದಲ್ಲೇ ಚರಂಡಿ, ಅದರ ಒಂದು ಚಪ್ಪಡಿ ಜರುಗಿತ್ತು. ನನ್ನ ನಾದಿನಿ ಎರಡನೇ ಪಾಳಿ ಮುಗಿಸಿ ಬರುವುದು ರಾತ್ರಿ 11:30ಕ್ಕೆ. ಬಸ್ ಸ್ಟಾಪಿನಿಂದಲೇ ಫೋನ್ ಮಾಡುತ್ತಿದ್ದಳು. "ಅತ್ತಿಗೆ, ಮಾತಾಡ್ತಾ ಇರಿ, ಕಟ್ ಮಾಡ್ಬೇಡಿ." ನಾಯಿ ಬೊಗಳುವುದು ನನಗೂ ಕೇಳಿಸುತ್ತಿತ್ತು.

ದೂರು ಕೊಟ್ಟು ಸಾಕಾಯಿತು. ಕೊನೆಗೆ ಮೂಲೆಮನೆ ಅಜ್ಜಿ ತಮ್ಮ ಗೇಟಿನ ದೀಪವನ್ನು ರಾತ್ರಿಯಿಡೀ ಹಾಕಿಟ್ಟರು. ಚಪ್ಪಡಿ ಕಂಡಿದ್ದು ಆ ಬೆಳಕಿನಲ್ಲೇ. ಈಗ ನೀವು ಆರಿಸಿ ಅನ್ನುತ್ತಿರುವುದೂ ಅದೇ ದೀಪವನ್ನು.

1905ರಲ್ಲೇ ಶಿವನಸಮುದ್ರದ ಕರೆಂಟಿನಿಂದ ಬೀದಿದೀಪ ಹೊತ್ತಿಸಿದ ಊರು ನಮ್ಮ ಬೆಂಗಳೂರು. ಆಗ ಬೆಳಕು ಬೇಕಾಗಿದ್ದವರಂತೆ ಈಗಲೂ ನಡೆದು ಬರುವವರಿದ್ದಾರೆ. ಹಾನ್ಲೆಯ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಬೆರಳೆಣಿಕೆಯ ಹಳ್ಳಿಗಳು. ಇಲ್ಲಿ ನಮ್ಮ ಬೀದಿಯೊಂದು ಕತ್ತಲಾದರೆ ಅರುಂಧತಿ ಕಾಣುತ್ತಾಳಾ? ಮೇನ್ ರೋಡಿನ ಹೋರ್ಡಿಂಗು, ಮಾಲು, ಫ್ಲೈಓವರು ಎಲ್ಲ ಹಾಗೇ ಉರಿಯುತ್ತಿರುತ್ತವೆ. ಮೊದಲು ಅವನ್ನು ಆರಿಸಿ.

ಮುಚ್ಚಳಕ್ಕೆ ನನ್ನ ತಕರಾರಿಲ್ಲ, ನಾಳೆಯೇ ಹಾಕಿಸುತ್ತೇನೆ. ಹಳದಿ ಬಲ್ಬೂ ಸರಿ. ಆದರೆ ಆ 11 ಗಂಟೆಯ ನಿಯಮ ಬೇಡ. ನಾದಿನಿ ಆಗಿನ್ನೂ ಬಸ್ಸಿನಲ್ಲಿರುತ್ತಾಳೆ.